ಪುಸ್ತಕಗಳು ಪೂಜೆಗೆ ಕುಳಿತ ಮೂರು ದಿನ

ಬೇರೆಯವರಿಗೆ ಚೆಂಡುಹೂವಿನ ವಾಸನೆ ಹಬ್ಬದ ವಾಸನೆ. ನನಗೆ ಅದು ಕಂಪನಿ ಕಾನೂನಿನ ವಾಸನೆ. ಹೋದ ವರ್ಷ ದಸರೆಯ ಹಿಂದಿನ ದಿನ ಪರಿಚಯದವರೊಬ್ಬರನ್ನು ನೋಡಲು ಅಂಧೇರಿಯಿಂದ ಲೋಕಲ್ ಹಿಡಿದು ವಡಾಲದಲ್ಲಿ ಇಳಿದೆ. ಸ್ಟೇಷನ್ನಿನ ಹೊರಗೆ ಗೋಣಿತಾಟಿನ ಮೇಲೆ ಹೂವಿನ ರಾಶಿ, ಪಕ್ಕದಲ್ಲಿ ಮಾವಿನೆಲೆ, ಭತ್ತದ ತೆನೆ, ನೆತ್ತಿಯ ಮೇಲೆ ಅಕ್ಟೋಬರಿನ ಸುಡು ಬಿಸಿಲು. ನಾನು ಅಲ್ಲೇ ನಿಂತುಬಿಟ್ಟೆ. ಹೂವಿನವಳು ಎಷ್ಟು ಬೇಕು ಎಂದು ಮರಾಠಿಯಲ್ಲಿ ಎರಡು ಸಲ ಕೇಳಿದಳು. ನನ್ನ ಮೂಗಿಗೆ ಆಗ ಬಂದದ್ದು ಹೂವಿನ ವಾಸನೆ ಮಾತ್ರ ಅಲ್ಲ. ಅದರ ಜೊತೆಗೆ ಕರ್ಪೂರ, ಗಂಧ, ದಪ್ಪ ರಟ್ಟಿನ ಹೊಸ ಪುಸ್ತಕದ ಅಂಟು, ಎಲ್ಲವೂ ಬಂತು.

ಅದು ಐವತ್ತರ ದಶಕದ ನಡುವಿನ ಮಾತು, ಹೊಸ ಕಂಪನಿ ಕಾನೂನು ಜಾರಿಗೆ ಬಂದ ವರ್ಷ. ವಡಾಲದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಾವು ಮೂವರು ಇದ್ದೆವು. ಅಣ್ಣ ಕೇಂದ್ರ ಸರ್ಕಾರದ ನೌಕರ. ಅಮ್ಮ, ಅಪ್ಪ ತೀರಿಕೊಂಡ ಮೇಲೆ ಮೈಸೂರಿನ ಮನೆಯನ್ನು ಬಾಡಿಗೆಗೆ ಕೊಟ್ಟು ಮಗನ ಜೊತೆ ಬಂದವಳು. ಮೂರನೆಯವಳು ನಾನು, ಕಮಲಾ. ಫೋರ್ಟಿನಲ್ಲಿ ಒಬ್ಬ ಪಾರ್ಸಿ ಸಾಹೇಬರ ಲೆಕ್ಕಪರಿಶೋಧನೆಯ ಆಫೀಸಿನಲ್ಲಿ ಆರ್ಟಿಕಲ್ಡ್ ಕ್ಲರ್ಕ್ ಆಗಿದ್ದೆ. ಅಂದರೆ ಕೆಲವು ವರ್ಷ ಅವರ ಕೈಕೆಳಗೆ ಕೆಲಸ ಕಲಿತು, ಕೊನೆಗೆ ಚಾರ್ಟರ್ಡ್ ಅಕೌಂಟೆಂಟ್ ಪರೀಕ್ಷೆ ಕಟ್ಟುವವಳು. ಇಡೀ ಆಫೀಸಿನಲ್ಲಿ ಸೀರೆ ಉಟ್ಟವಳು ನಾನೊಬ್ಬಳೇ. ಆಡಿಟ್ಟಿಗೆಂದು ಗಿರಣಿಗೋ ಗೋದಾಮಿಗೋ ಹೋದರೆ ಅಲ್ಲಿಯ ಗುಮಾಸ್ತರು ನನ್ನನ್ನು ಟೈಪಿಸ್ಟ್ ಎಂದುಕೊಂಡು, ಸಾಹೇಬರು ಯಾವಾಗ ಬರುತ್ತಾರೆ ಎಂದು ಕೇಳುತ್ತಿದ್ದರು. ನಾನು ಕುರ್ಚಿ ಎಳೆದುಕೊಂಡು ಕೂತು, ಬಂದಾಯಿತು, ಪುಸ್ತಕ ತನ್ನಿ ಎನ್ನುತ್ತಿದ್ದೆ. ನನಗೆ ಮೊದಲಿನಿಂದಲೂ ಜಂಬ ಸ್ವಲ್ಪ ಜಾಸ್ತಿ. ಅದರಿಂದ ನನಗೆ ಆದ ನಷ್ಟಕ್ಕಿಂತ ಲಾಭವೇ ಹೆಚ್ಚು.

ಆ ಜಂಬಕ್ಕೆ ಪೆಟ್ಟು ಬಿದ್ದದ್ದು ಮಳೆಗಾಲದಲ್ಲಿ. ಮೇ ತಿಂಗಳಲ್ಲಿ ಬರೆದಿದ್ದ ಕೊನೆಯ ಪರೀಕ್ಷೆಯ ಫಲಿತಾಂಶ ಬಂತು. ಆಡಿಟಿಂಗ್ ಮತ್ತು ಕಂಪನಿ ಕಾನೂನು ಎರಡರಲ್ಲೂ ಹೋಗಿತ್ತು. ಆ ಪರೀಕ್ಷೆಯ ಪದ್ಧತಿ ಹೇಗೆಂದರೆ ಒಂದು ವಿಷಯದಲ್ಲಿ ಹೋದರೂ ಎಲ್ಲವನ್ನೂ ಮತ್ತೆ ಬರೆಯಬೇಕು. ನಾನು ನಂಬಲಿಲ್ಲ. ಅವೆರಡೂ ನನಗೆ ಪುಟ ಸಮೇತ ಬಾಯಿಪಾಠವಾಗಿದ್ದ ವಿಷಯಗಳು. ಅಪ್ಪ ಮೈಸೂರಿನಲ್ಲಿ ಸಂಸ್ಕೃತದ ಮೇಷ್ಟ್ರಾಗಿದ್ದವರು, ಮಾತು ಬರುವ ಮೊದಲೇ ನಮ್ಮ ಬಾಯಲ್ಲಿ ಅಮರಕೋಶ ಹೇಳಿಸಿದವರು. ಓದುವುದು ಎಂದರೆ ಜಗುಲಿಯಲ್ಲಿ ಅತ್ತಿಂದಿತ್ತ ನಡೆಯುತ್ತಾ, ಒಂದಕ್ಷರ ಬಿಡದೆ ಗಟ್ಟಿಯಾಗಿ ಹೇಳಿಕೊಳ್ಳುವುದು ಎಂದೇ ನಾನು ತಿಳಿದಿದ್ದೆ. ಆಡಿಟಿಂಗ್ ಪುಸ್ತಕವನ್ನೂ ಹಾಗೆಯೇ, ರಾಗ ಒಂದನ್ನು ಬಿಟ್ಟು, ಹೇಳಿಕೊಂಡಿದ್ದೆ.

ಸಾಹೇಬರ ಮುಂದೆ ಹೋಗಿ ನಿಂತು, ಮೌಲ್ಯಮಾಪನದಲ್ಲಿ ಏನೋ ತಪ್ಪಾಗಿದೆ, ನಾನು ಬರೆದದ್ದೆಲ್ಲ ಪುಸ್ತಕದಲ್ಲಿ ಇದ್ದದ್ದೇ ಎಂದು ವಾದಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ದೀಕ್ರಿ, ಪುಸ್ತಕ್ ತೋ ಎಕ್ಸಾಮಿನರ್ ಕೇ ಪಾಸ್ ಭೀ ಹೈ,” ಎಂದರು. ಮಗಳೇ, ಆ ಪುಸ್ತಕ ಪರೀಕ್ಷಕನ ಹತ್ತಿರವೂ ಇದೆಯಲ್ಲ ಎಂದು. ನನಗೆ ಮೈಯೆಲ್ಲ ಉರಿದುಹೋಯಿತು. ಅವರು ಅದನ್ನು ಗಮನಿಸದವರಂತೆ, ನವೆಂಬರಿನಲ್ಲಿ ಪಾಸಾಗಿ ಬಾ, ಇಲ್ಲಿ ನಿನಗೊಂದು ಟೇಬಲು ಇದೆ, ಅದಕ್ಕಿಂತ ಹೆಚ್ಚು ದಿನ ಪಾಲುದಾರರು ಕಾಯುವುದಿಲ್ಲ ಎಂದು ಹೇಳಿ ಕಳಿಸಿದರು. ಅವರನ್ನು ಬಿಟ್ಟರೆ ಆ ಕಾಲದಲ್ಲಿ ಹೆಣ್ಣುಮಗಳಿಗೆ ಟೇಬಲು ಕೊಡುವ ಆಫೀಸು ನನಗೆ ಬೇರೆ ಗೊತ್ತಿರಲಿಲ್ಲ.

ಅದೇ ವಾರ ಅಣ್ಣನಿಗೆ ದೆಹಲಿಗೆ ವರ್ಗದ ಸುದ್ದಿ ಬಂತು. ಹೊಸ ವರ್ಷದ ಹೊತ್ತಿಗೆ ಹೊರಡಬೇಕು, ಕ್ವಾರ್ಟರ್ಸು ಬಿಟ್ಟುಕೊಡಬೇಕು. ದೆಹಲಿಯಲ್ಲಿ ಅವನಿಗೆ ಮೊದಮೊದಲು ಮೆಸ್ಸಿನ ಊಟ, ನಾಲ್ಕು ಜನರ ಕೋಣೆ. ಹಾಗಾಗಿ ಲೆಕ್ಕ ಸರಳವಾಗಿತ್ತು. ನಾನು ನವೆಂಬರಿನಲ್ಲಿ ಪಾಸಾದರೆ ನೌಕರಿ, ನೌಕರಿಯಿದ್ದರೆ ಮುಂಬಯಿ. ಇಲ್ಲವಾದರೆ ಅಮ್ಮನ ಜೊತೆ ಮೈಸೂರಿನ ಮನೆ, ಅಲ್ಲಿ ಸಾಲಾಗಿ ಬಂದು ಉಪ್ಪಿಟ್ಟು ತಿಂದು ಹೋಗುವ ಗಂಡಿನ ಕಡೆಯವರು. ಪಾಸಾದರೂ ಹೆಣ್ಣುಮಗಳೊಬ್ಬಳನ್ನೇ ಈ ಊರಲ್ಲಿ ಬಿಡುವ ಮಾತು ನಮ್ಮ ಮನೆಯಲ್ಲಿ ಯಾರ ಬಾಯಿಗೂ ಬರುವಂಥದ್ದಲ್ಲ. ಅಂದರೆ ನಾನು ಇಲ್ಲಿರಬೇಕಾದರೆ ಅಮ್ಮನೂ ಇಲ್ಲಿರಬೇಕು. ಅಮ್ಮನಿಗೋ ಮುಂಬಯಿಯೆಂದರೆ ಆಗದು. ಇಲ್ಲಿಯ ನೀರು ಕುದಿಸಿದರೂ ವಾಸನೆ, ಇಲ್ಲಿಯ ವೀಳ್ಯದೆಲೆ ಹುಲ್ಲು, ಇಲ್ಲಿಯ ಜನ ನಡೆಯುವುದಿಲ್ಲ, ಓಡುತ್ತಾರೆ. ಅಣ್ಣನ ವರ್ಗದ ಸುದ್ದಿ ಕೇಳಿದ ದಿನ ಅವಳ ಮುಖ ಅರಳಿದ್ದನ್ನು ನಾನು ಕಣ್ಣಾರೆ ನೋಡಿದೆ. ಮಾರನೆಯ ದಿನ ಹಪ್ಪಳ ಒಣಗಿಸುತ್ತಾ ಮೈಸೂರಿನ ಮಾರ್ಕೆಟ್ಟಿನ ರಸಬಾಳೆಯ ಮಾತು ತೆಗೆದಳು.

ಮಳೆಗಾಲವಿಡೀ ಹಟ ಹಿಡಿದು ಓದಿದೆ. ಸಾಹೇಬರ ಮಾತು ಕಿವಿಯಲ್ಲಿದ್ದರೂ ತಲೆಗೆ ಇಳಿದಿರಲಿಲ್ಲ. ಹೋದ ಸಲ ಒಂದು ಪುಸ್ತಕ ಬಾಯಿಪಾಠ ಮಾಡಿದ್ದು ಸಾಲದಾಯಿತು, ಈ ಸಲ ಎರಡು ಮಾಡಿದರಾಯಿತು ಎಂದುಕೊಂಡೆ. ಹಾರ್ಬರ್ ಲೈನಿನ ಲೇಡೀಸ್ ಡಬ್ಬಿಯಲ್ಲಿ ಕಂಬಿ ಹಿಡಿದು ನಿಂತು, ಕಣ್ಣು ಮುಚ್ಚಿ ಸೆಕ್ಷನ್ನುಗಳನ್ನು ಗುಣುಗುಟ್ಟುತ್ತಿದ್ದೆ. ಮೀನಿನ ಬುಟ್ಟಿಯ ಪಕ್ಕ ಕೂತ ಬೆಸ್ತರ ಹೆಂಗಸರು ನಾನು ಜಪ ಮಾಡುತ್ತಿದ್ದೇನೆಂದು ಬುಟ್ಟಿಯನ್ನು ಸ್ವಲ್ಪ ದೂರ ಸರಿಸುತ್ತಿದ್ದರು. ಹೊಸ ಕಾನೂನು ಬಂದದ್ದರಿಂದ ಹಳೆಯ ಹುಡುಗರ ನೋಟ್ಸುಗಳೆಲ್ಲ ರದ್ದಿಗೆ ಹೋಗಿದ್ದವು. ಅದೊಂದು ಸಮಾಧಾನ. ಎಲ್ಲರೂ ಈಗ ಒಂದೇ ಗೆರೆಯ ಮೇಲೆ ನಿಂತಿದ್ದೇವೆ, ನನಗಿಂತ ಚೆನ್ನಾಗಿ ನೆನಪಿಡುವವರು ಯಾರಿದ್ದಾರೆ ಎಂದು ನನ್ನ ಧೈರ್ಯ.

ಹೊಸ ಕಾನೂನಿನ ಮೇಲೆ ಒಂದು ದಪ್ಪ ಪುಸ್ತಕ ಬಂದಿತ್ತು. ಅದನ್ನು ನಾನೂ ವಾಸುದೇವನೂ ಸೇರಿ ಕೊಂಡಿದ್ದೆವು. ವಾಸುದೇವ ಉಡುಪಿಯ ಕಡೆಯವನು, ನಮ್ಮ ಆಫೀಸಿನ ಇನ್ನೊಬ್ಬ ಆರ್ಟಿಕಲ್ಡ್ ಕ್ಲರ್ಕ್, ನನ್ನಂತೆಯೇ ಮೇ ತಿಂಗಳಲ್ಲಿ ಮುಗ್ಗರಿಸಿದವನು. ಮಾತುಂಗದಲ್ಲಿ ಅವನ ಚಿಕ್ಕಪ್ಪನ ಹೋಟೆಲು. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಕಾಫಿ ಶುರುವಾಗುವ ನಡುವೆ ಅಲ್ಲಿಯ ಫ್ಯಾಮಿಲಿ ರೂಮು ಖಾಲಿಯಿರುತ್ತಿತ್ತು. ಭಾನುವಾರ ನಾನು ಅಲ್ಲಿ ಹೋಗಿ ಕೂರುತ್ತಿದ್ದೆ, ಪುಸ್ತಕ ಒಂದು ವಾರ ಅವನದು, ಒಂದು ವಾರ ನನ್ನದು. ಓದುವವರಿಗೆ ಬೇರೇನಾದರೂ ಆಸೆ ಹುಟ್ಟಿದ್ದರೆ ಈಗಲೇ ಹೇಳಿಬಿಡುತ್ತೇನೆ, ಅವನು ಮುಂದೆ ಕುಂದಾಪುರದ ಹುಡುಗಿಯನ್ನು ಮದುವೆಯಾಗಿ ಸುಖವಾಗಿದ್ದ. ನನಗೆ ಅವನು ಇಷ್ಟವಾಗಿದ್ದಕ್ಕೆ ಕಾರಣ, ಯಾವುದಕ್ಕೂ ಎದೆಗುಂದದ ಅವನ ಸ್ವಭಾವ.

ನವರಾತ್ರಿ ಬಂತು. ಪರೀಕ್ಷೆಗೆ ತಿಂಗಳೂ ಇರಲಿಲ್ಲ. ಸಾಹೇಬರು ರಜ ಕೊಟ್ಟಿದ್ದರು. ಮಳೆ ಹಿಂದೆಗೆದು, ಉಪ್ಪಿನ ಗದ್ದೆಗಳ ಕಡೆಯಿಂದ ಬಿಸಿಗಾಳಿ ಏಳುತ್ತಿತ್ತು. ಅಮ್ಮ ಟ್ರಂಕುಗಳನ್ನು ಮೆಟ್ಟಿಲಿನ ಹಾಗೆ ಜೋಡಿಸಿ, ಮೇಲೆ ಬಿಳಿ ಪಂಚೆ ಹಾಸಿ, ಮೈಸೂರಿನಿಂದ ಹುಲ್ಲು ಸುತ್ತಿ ತಂದಿದ್ದ ಬೊಂಬೆಗಳನ್ನು ಕೂರಿಸಿದಳು. ಮೇಲೆ ಪಟ್ಟದ ಬೊಂಬೆ, ಕೆಳಗೆ ಸೆಟ್ಟಿ ಮತ್ತು ಅವನ ಹೆಂಡತಿ, ಅವರ ಮುಂದೆ ಅಕ್ಕಿ, ಬೇಳೆ, ಕಡಲೆಕಾಳು, ಬೆಲ್ಲದ ಪುಟ್ಟ ಪುಟ್ಟ ಗುಡ್ಡೆಗಳ ಅಂಗಡಿ. ಇದೆಲ್ಲ ಪ್ರತಿ ವರ್ಷದ್ದೇ. ಮೂಲಾ ನಕ್ಷತ್ರದ ದಿನ ಬೆಳಿಗ್ಗೆ ಅಮ್ಮ ಸ್ನಾನ ಮಾಡಿ ಬಂದು, “ಪುಸ್ತಕ ಕೊಡು,” ಎಂದಾಗಲೇ ನನಗೆ ಅದು ನೆನಪಾದದ್ದು.

ನಮ್ಮ ಕಡೆಯ ಪದ್ಧತಿ ಅದು. ಮೂಲಾ ನಕ್ಷತ್ರದ ದಿನ ಮನೆಯ ಪುಸ್ತಕಗಳನ್ನೆಲ್ಲ ಸರಸ್ವತಿಯ ಹೆಸರಿನಲ್ಲಿ ಪೂಜೆಗೆ ಇಡುವುದು, ಶ್ರವಣ ಬರುವವರೆಗೆ ಮುಟ್ಟಬಾರದು. ಓದಬಾರದು, ಬರೆಯಬಾರದು, ಪೆನ್ನು ಪೆನ್ಸಿಲ್ಲು ಕೂಡ ಪೂಜೆಯಲ್ಲೇ. ಚಿಕ್ಕಂದಿನಲ್ಲಿ ನಮಗೆ ಅದಕ್ಕಿಂತ ದೊಡ್ಡ ಹಬ್ಬವಿರಲಿಲ್ಲ. ಈಗ ನಾನು ಒಳಗೆ ಹೋಗಿ, ಹೊಸ ಕಾನೂನು ಬಂದ ಮೇಲೆ ಯಾರಿಗೂ ಬೇಡವಾಗಿದ್ದ ಹಳೆಯ ಪುಸ್ತಕವನ್ನೂ ಕಾಲೇಜಿನ ಇನ್ನೆರಡನ್ನೂ ತಂದುಕೊಟ್ಟೆ. ಅಮ್ಮನಿಗೆ ಇಂಗ್ಲಿಷ್ ಬಾರದು, ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ.

ಅಮ್ಮ ಮೇಲಿನ ರಟ್ಟಿನ ಮೇಲೆ ಬೆರಳಾಡಿಸಿದಳು. “ಇದರ ಮೇಲೆ ಧೂಳಿದೆ. ಧೂಳು ಹಿಡಿದಿರೋದನ್ನ ಸರಸ್ವತಿಗೆ ಇಡ್ತಾರೇನೇ? ನೀನು ದಿನಾ ಓದೋದು ಕೊಡು.”

“ಅಮ್ಮ, ಪರೀಕ್ಷೆ ಹತ್ರ ಬಂತು. ಮೂರು ದಿನ ಓದದೇ ಇದ್ರೆ ನಾನು ಮುಳುಗಿಹೋಗ್ತೀನಿ.”

“ಮುಳುಗೋಕೆ ಏನಾಗಿದೆ? ಪುಸ್ತಕ ತಾನೇ ಇಡೋದು. ನಿನ್ನ ತಲೇನ ಇಡು ಅಂದ್ನಾ?”

ಆಗ ನನ್ನ ನಾಲಿಗೆ ತಡೆಯಲಿಲ್ಲ. “ನಾನು ಫೇಲಾದ್ರೆ ನಿನಗೆ ಒಳ್ಳೇದೇ ಅಲ್ವಾ? ಮೈಸೂರಿಗೆ ಹೋಗಿ ರಸಬಾಳೆ ತಿಂದ್ಕೊಂಡು ಇರಬಹುದು.” ಅಣ್ಣ ಹಜಾರದಲ್ಲಿ ಶೇವಿಂಗ್ ಮಾಡಿಕೊಳ್ಳುತ್ತಿದ್ದವನು ಕನ್ನಡಿಯಿಂದ ತಿರುಗಿ ನೋಡಿದ. ನಾನು ಒಳಗಿಂದ ಆಡಿಟಿಂಗ್, ಟ್ಯಾಕ್ಸು, ಅಕೌಂಟ್ಸು, ಆ ದಪ್ಪ ಕಾನೂನು ಪುಸ್ತಕ, ಎಲ್ಲ ತಂದು ಧಡಾರನೆ ಅವಳ ಮುಂದೆ ಇಟ್ಟೆ. ಅವಳು ಒಂದೊಂದನ್ನೂ ಸೆರಗಿನಿಂದ ಒರೆಸಿ, ಒಪ್ಪವಾಗಿ ಜೋಡಿಸಿ, ಮೇಲೆ ರೇಷ್ಮೆಯ ವಸ್ತ್ರ ಹೊದಿಸಿ, ಚೆಂಡುಹೂವಿನ ಮಾಲೆ ಹಾಕಿದಳು. ಆ ಮಾತಿಗೆ ಆಮೇಲೆ ಕ್ಷಮೆ ಕೇಳಿದೆನೋ ಇಲ್ಲವೋ ನೆನಪಿಲ್ಲ. ನಮ್ಮ ಮನೆಯಲ್ಲಿ ಆ ಪದ್ಧತಿ ಇರಲಿಲ್ಲ.

ಕೈಯಲ್ಲಿ ಪುಸ್ತಕವಿಲ್ಲದೆ ಒಂದು ಗಂಟೆ ಕಳೆಯುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ಮಧ್ಯಾಹ್ನದ ಹೊತ್ತಿಗೆ ವಾಸುದೇವ ಬೆವರು ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತ. ಕಾನೂನು ಪುಸ್ತಕದ ಸರದಿ ಆ ದಿನದಿಂದ ಅವನದು, ನಾನು ಅದನ್ನು ಮರೆತೇಬಿಟ್ಟಿದ್ದೆ.

“ಎಂತ ಕಮಲಾ ಅವರೇ, ಪುಸ್ತಕ?”

“ಅದು ಪೂಜೆಯಲ್ಲಿದೆ.”

ಅವನು ಹಣೆಯ ಮೇಲೆ ಕೈಯಿಟ್ಟುಕೊಂಡು ಒಳಗೆ ಇಣುಕಿದ. “ನಮ್ಮಲ್ಲಿಯೂ ಶಾರದಾ ಪೂಜೆ ಉಂಟು. ಆದರೆ ನಮ್ಮಲ್ಲಿ ಒಂದೆರಡು ಪುಸ್ತಕ ಇಟ್ಟರೆ ಸಾಕು ಮಾರಾಯ್ರೆ. ನೀವು ಇಡೀ ಲೈಬ್ರೆರಿಯನ್ನೇ ಇಟ್ಟಿದ್ದೀರಲ್ಲ. ಅದರಲ್ಲಿ ಅರ್ಧ ನನ್ನದು.”

“ಬಾಪ್ಪಾ, ಕೂತ್ಕೊ,” ಎಂದಳು ಅಮ್ಮ, ಹೂವು ಕಟ್ಟುತ್ತಿದ್ದ ಕಡೆಯಿಂದ ಏಳದೆ. “ನಿನ್ನ ಅರ್ಧಕ್ಕೂ ಸೇರಿಸೇ ಪೂಜೆ ಮಾಡ್ತಿದ್ದೀನಿ. ಪುಸ್ತಕ ಶ್ರವಣದ ದಿನ. ಈಗ ಕೋಸಂಬರಿ ತಿನ್ನು.”

ಅವನು ಬೊಂಬೆಗಳ ಮುಂದೆ ಚಾಪೆಯ ಮೇಲೆ ಕೂತು ಕೋಸಂಬರಿ ತಿಂದ. ತಿಂದು ಮುಗಿಸಿ, ಬಂದದ್ದಕ್ಕೆ ಏನಾದರೂ ಕೆಲಸವಾಗಲಿ ಎಂಬಂತೆ ಕೇಳಿದ. “ಸರಿ, ಪುಸ್ತಕ ಬೇಡ. ಬಾಯಲ್ಲೇ ಹೇಳಿ ನೋಡುವ. ದಾಸ್ತಾನಿನ ವಿಷಯದಲ್ಲಿ ಆಡಿಟರನ ಜವಾಬ್ದಾರಿ ಎಂತ?”

ನಾನು ಒಂದೇ ಉಸಿರಿಗೆ, ಇಂಗ್ಲಿಷಿನಲ್ಲಿ, ಪುಟದ ತಲೆಯಿಂದ ಬುಡದವರೆಗೆ ಒಪ್ಪಿಸಿದೆ. ಅವನು ತಲೆಯಾಡಿಸಿದ. ಅಮ್ಮ ದಾರ ಕಚ್ಚಿ ತುಂಡು ಮಾಡಿ, “ಏನಂದೆ ಅಷ್ಟು ಹೊತ್ತು?” ಎಂದಳು. ಬೆಳಗಿನ ಜಗಳವಾದ ಮೇಲೆ ನನ್ನೊಡನೆ ಆಡಿದ ಮೊದಲ ಮಾತು ಅದು. ಹಾಗಾಗಿ ನಾನು ಉತ್ತರ ಕೊಡಲೇಬೇಕಾಯಿತು.

“ವರ್ಷದ ಕೊನೆಗೆ ಅಂಗಡೀಲಿ ಎಷ್ಟು ಸಾಮಾನು ಉಳಿದಿದೆ ಅಂತ ಮಾಲೀಕರು ಲೆಕ್ಕ ಕೊಡ್ತಾರೆ. ಅದು ಸರಿಯಾಗಿದೆಯಾ ಅಂತ ಆಡಿಟರ್ ನೋಡ್ಬೇಕು.”

“ಅಂದ್ರೆ ನೀನು ಹೋಗಿ ಅಕ್ಕಿ ಅಳೀತೀಯಾ?”

“ನಾನ್ಯಾಕೆ ಅಳೀಲಿ? ಅವರೇ ಅಳೆದು ಬರ್ಕೊಡ್ತಾರೆ.”

ಅಮ್ಮ ಬೊಂಬೆ ಸೆಟ್ಟಿಯ ಕಡೆ ನೋಡಿದಳು. “ಇವನೇ ಅಳೆದು, ಇವನೇ ಬರ್ದು, ಇವನೇ ಸರಿಯಾಗಿದೆ ಅಂದ್ರೆ, ನಿನ್ನ ರುಜು ಯಾತಕ್ಕೆ?”

ಅಮ್ಮನಿಗೆ ಲೆಕ್ಕಪತ್ರದ ಗಂಧವೂ ಇರಲಿಲ್ಲ. ಅವಳು ಕೇಳಿದ್ದು ಬರೀ ಕುತೂಹಲಕ್ಕೆ, ಮಗಳು ಇಷ್ಟು ವರ್ಷದಿಂದ ಅದೇನು ಮಾಡುತ್ತಿದ್ದಾಳೆ ಎಂದು ಒಮ್ಮೆಯೂ ಯಾರೂ ಹೇಳಿರಲಿಲ್ಲವಾದ್ದರಿಂದ. ನಾನು ಬಾಯಿ ತೆರೆದೆ. ಪುಸ್ತಕದ ವಾಕ್ಯ ಒಂದೂ ಕೆಲಸಕ್ಕೆ ಬರಲಿಲ್ಲ. ಕನ್ನಡದಲ್ಲಿ ಹೇಳಲು ಹೊರಟರೆ ವಾಕ್ಯದ ಒಳಗಿರುವುದು ಏನೆಂದು ಗೊತ್ತಿರಬೇಕು, ಹೊರಗಿನ ಶಬ್ದಗಳಷ್ಟೇ ಗೊತ್ತಿದ್ದರೆ ಸಾಲದು. ವಾಸುದೇವ ನಗುತ್ತಾ, “ಹೇಳಿ ಈಗ,” ಎಂದ. ನಾನು ಅವನತ್ತ ದುರುಗುಟ್ಟಿ ನೋಡಿ, ನಿಧಾನವಾಗಿ ಯೋಚಿಸತೊಡಗಿದೆ. ಹೋದ ವರ್ಷ ನಾನೇ ಒಂದು ಗೋದಾಮಿಗೆ ಹೋಗಿದ್ದೆನಲ್ಲ, ಅಲ್ಲಿ ಏನು ಮಾಡಿದೆ ಎಂದು ನೆನಪು ಮಾಡಿಕೊಂಡೆ. ಎಲ್ಲ ಮೂಟೆ ಅಳೆಯಲಿಲ್ಲ. ಆದರೆ ಅವರು ಹೇಗೆ ಅಳೆಯುತ್ತಾರೆಂದು ನಿಂತು ನೋಡಿದೆ. ನಾಲ್ಕಾರು ಮೂಟೆ ನಾನೇ ಆರಿಸಿ ತೂಗಿಸಿದೆ. ಕೊಂಡದ್ದೆಷ್ಟು, ಮಾರಿದ್ದೆಷ್ಟು, ಉಳಿಯಬೇಕಾದದ್ದೆಷ್ಟು ಎಂದು ತಾಳೆ ನೋಡಿದೆ. ತಾಳೆಯಾಗದ ಕಡೆ ಬಿಡದೆ ಕೇಳಿದೆ. ಇದನ್ನೆಲ್ಲ ಸೆಟ್ಟಿಯ ಗುಡ್ಡೆಗಳನ್ನು ತೋರಿಸಿ ತೋರಿಸಿ ಹೇಳಿದೆ. ಅಮ್ಮ “ಹಾಗನ್ನು” ಎಂದು ಮತ್ತೆ ಹೂವು ಕಟ್ಟತೊಡಗಿದಳು. ಕೈಯಾರೆ ಮಾಡಿದ ಕೆಲಸವನ್ನು ಪರೀಕ್ಷೆಯಲ್ಲಿ ಬರೆಯಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಅಲ್ಲಿಂದ ಮೂರು ದಿನ ಅದೇ ಕೆಲಸ. ವಾಸುದೇವ ಊಟದ ಗದ್ದಲ ಮುಗಿಯುತ್ತಲೇ ಬರುವುದು, ಪ್ರಶ್ನೆ ಹಾಕುವುದು. ಒಮ್ಮೆ ನಾನು ಹೇಳುವುದು, ಒಮ್ಮೆ ಅವನು. ಹೇಳಬೇಕಾದದ್ದು ಅಮ್ಮನಿಗೆ, ಅವಳ ಕನ್ನಡದಲ್ಲಿ. ಅವಳು “ಯಾಕೆ?” ಎಂದರೆ ಉತ್ತರ ಕೊಡಲೇಬೇಕು. ಉಳಿದ ಮಾಲಿಗೆ ಕೊಂಡ ಬೆಲೆ, ಪೇಟೆಯ ಬೆಲೆ, ಎರಡರಲ್ಲಿ ಕಡಿಮೆ ಯಾವುದೋ ಅದನ್ನು ಹಾಕಬೇಕು ಎಂದು ವಾಸುದೇವ ಹೇಳಿದಾಗ ಅಮ್ಮ, “ಯಾಕೆ, ಜಾಸ್ತಿ ಹಾಕಿದ್ರೆ ಯಾರಪ್ಪನ ಗಂಟು ಹೋಗತ್ತೆ?” ಎಂದಳು. ಅವನು ತಡವರಿಸಿದ. ನಾನು ಹೇಳಿದೆ, “ಬೆಲೆ ಇಳಿದ್ರೆ ಈಗ್ಲೇ ಅತ್ತುಬಿಡಬೇಕು. ಏರಿದ್ರೆ ಮಾರೋವರೆಗೂ ನಗಬಾರದು. ಬರದೇ ಇರೋ ಲಾಭ ತಿಂದುಬಿಟ್ರೆ ಆಮೇಲೆ ಬರದೇ ಹೋದಾಗ ಏನ್ಮಾಡ್ತೀಯ?” ವಾಸುದೇವ, “ಇದನ್ನು ಹೀಗೆಯೇ ಇಂಗ್ಲಿಷಿನಲ್ಲಿ ಬರೆದರೆ ಮಾರ್ಕು ಉಂಟಾ?” ಎಂದು ಅನುಮಾನಪಟ್ಟ. ಬರೆದು ನೋಡೋಣ ಎಂದೆ.

ಹೇಳಲಾಗದ ವಿಷಯಗಳೂ ಬೇಕಾದಷ್ಟಿದ್ದವು. ಬರೆದಿಟ್ಟುಕೊಳ್ಳಲು ಪೆನ್ಸಿಲ್ಲು ಕೂಡ ಇಲ್ಲ. ಆಗ ವಾಸುದೇವ ಒಂದು ಉಪಾಯ ಮಾಡಿದ. ಎಲ್ಲಿ ತಡವರಿಸಿದೆವೋ ಅಲ್ಲಿ ಸೆಟ್ಟಿಯ ಗುಡ್ಡೆಯಿಂದ ಒಂದು ಕಡಲೆಕಾಳು ತೆಗೆದು ಬಟ್ಟಲಿಗೆ ಹಾಕುವುದು, ಎದ್ದುಹೋಗುವ ಮೊದಲು ಯಾವ ಕಾಳು ಯಾವುದಕ್ಕೆ ಎಂದು ಇಬ್ಬರೂ ನೆನಪಿನಿಂದ ಹೇಳುವುದು. ಅಣ್ಣ ಆಫೀಸಿನಿಂದ ಬಂದವನು ಬಟ್ಟಲು ನೋಡಿ, “ಇದೇನು, ಸೆಟ್ಟಿ ದಿವಾಳಿ ಏಳ್ತಿದ್ದಾನಾ?” ಎಂದು ನಗುತ್ತಿದ್ದ. ಮೊದಲ ದಿನ ಆ ಬಟ್ಟಲು ತುಂಬಿದ್ದನ್ನು ಕಂಡು ಮುಖ ತಿರುಗಿಸಿಕೊಂಡಿದ್ದೆ. ಮೂರನೆಯ ದಿನ ನನಗೆ ಅದನ್ನು ನೋಡಿದರೆ ಧೈರ್ಯ ಬರುತ್ತಿತ್ತು. ಗೊತ್ತಿಲ್ಲದ್ದು ಎಷ್ಟೆಂದು ಬಟ್ಟಲಲ್ಲಿದೆ, ಅದರಾಚೆಯದೆಲ್ಲ ನನಗೆ ಗೊತ್ತು. ಇಷ್ಟು ವರ್ಷ ಓದಿದ್ದರಲ್ಲಿ ಒಮ್ಮೆಯೂ ನನಗೆ ಇಂಥ ತಿಳಿವಳಿಕೆ ಇರಲಿಲ್ಲ, ಎಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ಹೇಳಿಕೊಂಡು, ಗೊತ್ತಿದ್ದದ್ದನ್ನೇ ಮತ್ತೆ ಮತ್ತೆ ಗಟ್ಟಿ ಮಾಡಿಕೊಂಡು ಸುಸ್ತಾಗುತ್ತಿದ್ದೆ.

ಶ್ರವಣದ ದಿನ ಅಮ್ಮ ಮಂಗಳ ಹಾಡಿ, ವಸ್ತ್ರ ಸರಿಸಿ, ಪುಸ್ತಕಗಳನ್ನು ಒಂದೊಂದಾಗಿ ನಮ್ಮ ಕೈಗೆ ಕೊಟ್ಟಳು. ರಟ್ಟಿನ ಮೇಲೆ ಅರಿಸಿನ ಕುಂಕುಮ. ಆ ದಿನ ಸ್ವಲ್ಪವಾದರೂ ಓದಬೇಕೆಂಬುದೂ ಪದ್ಧತಿಯೇ. ನಾನೂ ವಾಸುದೇವನೂ ಬಟ್ಟಲು ನಡುವೆ ಇಟ್ಟುಕೊಂಡು ಬೇಕಾದ ಪುಟಗಳನ್ನಷ್ಟೇ ತೆಗೆದೆವು. ಒಂದು ವಿಷಯ ತಿಳಿದ ಹಾಗೆ ಒಂದು ಕಾಳು ಆಚೆ. ಹಾಗೆ ಓದುವಾಗ ಪುಸ್ತಕ ನನ್ನೊಡನೆ ಮಾತಾಡುತ್ತಿದೆ ಎನ್ನಿಸಿತು, ಅದಕ್ಕೆ ಮೊದಲು ನಾನೊಬ್ಬಳೇ ಮಾತಾಡುತ್ತಿದ್ದೆ. ಆಚೆಗೆ ಹಾಕಿದ ಕಾಳನ್ನೆಲ್ಲ ಅಮ್ಮ ನೆನೆಸಿ ಉಸಲಿ ಮಾಡಿದಳು. ಬಹಳ ಚೆನ್ನಾಗಿತ್ತು.

ಆಮೇಲಿನ ದಿನಗಳಲ್ಲಿ ನಾನು ಓದಿದ್ದು ಕಡಿಮೆ, ಪುಸ್ತಕ ಮುಚ್ಚಿಟ್ಟು ಹೇಳಿದ್ದು ಹೆಚ್ಚು. ಹೇಳಿಸಿಕೊಳ್ಳುವ ಕೆಲಸ ಅಮ್ಮನದು, ತರಕಾರಿ ಹೆಚ್ಚುವಾಗ, ಬಟ್ಟೆ ಮಡಿಸುವಾಗ, ಕೊಳಾಯಿಯ ಮುಂದೆ ಕೊಡ ಇಟ್ಟುಕೊಂಡು ಕಾಯುವಾಗ. ನನಗೆ ಅರ್ಥವಾಗದ್ದು ಎಲ್ಲಿದೆಯೋ ಅಲ್ಲಿ ನನ್ನ ಧ್ವನಿ ಏರುತ್ತದೆಂದು ಅವಳು ಕಂಡುಕೊಂಡಿದ್ದಳು. “ಕೂಗಬೇಡ. ಗೊತ್ತಿಲ್ದೇ ಇದ್ರೆ ನೋಡ್ಕೊಂಡು ಬಾ,” ಎನ್ನುತ್ತಿದ್ದಳು. ದೀಪಾವಳಿ ಬಂದುಹೋಯಿತು, ಬೀದಿಯಲ್ಲೆಲ್ಲ ಪಟಾಕಿಯ ಹೊಗೆ. ಅದೇ ನವೆಂಬರಿನಲ್ಲಿ ನಮ್ಮ ಮೈಸೂರು ರಾಜ್ಯ ದೊಡ್ಡದಾಗಿ, ವಾಸುದೇವನ ಊರೂ ನಮ್ಮ ಊರೂ ಒಂದೇ ರಾಜ್ಯಕ್ಕೆ ಸೇರಿದವು. ಅವನ ಚಿಕ್ಕಪ್ಪ ಹೋಟೆಲಿನಲ್ಲಿ ಎಲ್ಲರಿಗೂ ಕಾಶಿ ಹಲ್ವ ಹಂಚಿದರು.

ಪರೀಕ್ಷೆಯ ಆಡಿಟಿಂಗ್ ಪತ್ರಿಕೆಯ ಮೊದಲ ಪ್ರಶ್ನೆಯನ್ನು ಓದಿ ನನಗೆ ನಗು ಬಂತು. ಒಂದು ಕಂಪನಿಯ ಮ್ಯಾನೇಜರು ದಾಸ್ತಾನು ಇಷ್ಟಿದೆ ಎಂದು ಸರ್ಟಿಫಿಕೇಟು ಕೊಟ್ಟಿದ್ದಾನೆ, ಆಡಿಟರು ಅದನ್ನು ಹಾಗೆಯೇ ಒಪ್ಪಬಹುದೇ, ಕಾರಣ ಕೊಡಿ. ಅಕ್ಕಪಕ್ಕದವರು ಆಗಲೇ ಲೇಖನಿ ಓಡಿಸುತ್ತಿದ್ದರು. ನಾನು ಪೆನ್ನು ಕೆಳಗಿಟ್ಟು, ಇದನ್ನು ಅಮ್ಮನಿಗೆ ಹೇಗೆ ಹೇಳಿದ್ದೆ ಎಂದು ಮೊದಲಿಂದ ಯೋಚಿಸಿ, ಆಮೇಲೆ ನನ್ನದೇ ಇಂಗ್ಲಿಷಿನಲ್ಲಿ ಬರೆದೆ. ಪುಸ್ತಕದ ಒಂದು ವಾಕ್ಯವೂ ಅದರಲ್ಲಿರಲಿಲ್ಲ. ಹಾಲಿನಿಂದ ಹೊರಗೆ ಬಂದಾಗ ವಾಸುದೇವ ಹೇಗಾಯಿತೆಂದು ಕೇಳಿದ. ಪಾಸಾಗಿದ್ದೇನೆ ಎಂದೆ. “ಫಲಿತಾಂಶ ನೀವೇ ಹೇಳಿಬಿಟ್ಟರೆ ಅವರಿಗೆಂತ ಕೆಲಸ?” ಎಂದು ಅವನು ನಕ್ಕ.

ಇಷ್ಟು ಧೈರ್ಯದ ಮಾತಾಡಿದವಳು ಕಾಯುವ ದಿನಗಳಲ್ಲಿ ಸೊರಗಿಹೋದೆ ಎಂಬುದನ್ನೂ ಹೇಳಬೇಕು. ಸಾಹೇಬರು ಫಲಿತಾಂಶದವರೆಗೆ ಬಂದು ಕೂತಿರು ಎಂದಿದ್ದರು, ಆಫೀಸಿನಲ್ಲಿ ಕೂತಿರುತ್ತಿದ್ದೆ. ಮನೆಗೆ ಬಂದರೆ ದಿನಕ್ಕೊಂದು ಸಾಮಾನು ಕಟ್ಟಿ ಮೂಲೆ ಸೇರಿರುತ್ತಿತ್ತು. ಅಣ್ಣ ದೆಹಲಿಯ ಚಳಿಗೆಂದು ಕೋಟು ಹೊಲಿಸಿಕೊಂಡ. ಬೊಂಬೆಗಳು ಮತ್ತೆ ಹುಲ್ಲು ಸುತ್ತಿಸಿಕೊಂಡು ಟ್ರಂಕು ಸೇರಿದವು. ಅಮ್ಮ ಕಟ್ಟುತ್ತಿದ್ದಳೇ ಹೊರತು ಎಲ್ಲಿಗೆಂದು ಬಾಯಿಬಿಡಲಿಲ್ಲ. ನಾನೂ ಕೇಳಲಿಲ್ಲ. ಕಟ್ಟುವವರು ಊರಿಗೆ ಹೋಗುವವರೇ ತಾನೇ ಎಂದುಕೊಂಡು ಸುಮ್ಮನಾಗುತ್ತಿದ್ದೆ.

ಜನವರಿಯ ಒಂದು ಮಧ್ಯಾಹ್ನ ಸಾಹೇಬರ ಕೋಣೆಯ ಫೋನು ಹೊಡೆದುಕೊಂಡಿತು. ಅವರು ಬಹಳ ಹೊತ್ತು ಗುಜರಾತಿಯಲ್ಲಿ ಮಾತಾಡಿದರು, ಏನೂ ಅರ್ಥವಾಗಲಿಲ್ಲ. ಫೋನು ಇಟ್ಟು ಹೊರಗೆ ಬಂದು, ನನ್ನ ಕಡೆ ನೋಡದೆ, ಪ್ಯೂನನ್ನು ಕರೆದರು. ಕಿಟಕಿಯ ಹತ್ತಿರದ ಟೇಬಲನ್ನು ತೋರಿಸಿ, “ಯೇ ಟೇಬಲ್ ಸಾಫ್ ಕರೋ, ಕಮಲಾಬಾಯಿ ಬೈಠೇಗೀ,” ಎಂದರು, ಈ ಟೇಬಲು ಒರೆಸು, ಇನ್ನು ಇಲ್ಲಿ ಕಮಲಾಬಾಯಿ ಕೂರುತ್ತಾಳೆ ಎಂದು. ನನಗೆ ಅಷ್ಟು ಸಾಕಾಯಿತು. ವಾಸುದೇವನದು ಆಗಿರಲಿಲ್ಲ, ತಯಾರಿಕೆಯ ವೆಚ್ಚ ಲೆಕ್ಕಹಾಕುವ ಕಾಸ್ಟಿಂಗಿನಲ್ಲಿ ಸ್ವಲ್ಪದರಲ್ಲಿ ಹೋಗಿತ್ತು. ಅವನು ತಾನೇ ಬಂದು, “ಮೇ ತಿಂಗಳು ಉಂಟಲ್ಲ, ಕಾಸ್ಟಿಂಗನ್ನು ಅಮ್ಮನಿಗೆ ಒಪ್ಪಿಸಲಿಲ್ಲ, ಅದೇ ತಪ್ಪಾದದ್ದು,” ಎಂದು ನನ್ನನ್ನು ಅಭಿನಂದಿಸಿ ಹೋದ. ಮೇ ತಿಂಗಳಲ್ಲಿ ಪಾಸಾದ.

ಸಂಜೆಯವರೆಗೆ ತಡೆಯಲಾರದೆ ಮನೆಗೆ ಓಡಿದೆ. ಅಮ್ಮ ಹಜಾರದಲ್ಲಿ ಕಂಬಳಿ ಸುತ್ತುತ್ತಿದ್ದಳು. ಸುದ್ದಿ ಹೇಳಿದೆ. ಅವಳು ಕೈಮುಗಿದು, ಒಂದು ಚಿಟಿಕೆ ಸಕ್ಕರೆ ತಂದು ನನ್ನ ಬಾಯಿಗೆ ಹಾಕಿ, ಮತ್ತೆ ಕಂಬಳಿ ಸುತ್ತಲು ಕೂತಳು. ನನಗೆ ಆಗ ಮುಂದಿನ ಯೋಚನೆ ಹತ್ತಿತು. ಅಣ್ಣ ಹೊರಡಲು ವಾರವೂ ಇಲ್ಲ. ಮನೆಯಿಲ್ಲ. ಅಮ್ಮನನ್ನು ಹೇಗೆ ಕೇಳುವುದು. ಮಾತು ಹುಡುಕುತ್ತಾ, “ಅಮ್ಮ, ಈ ಸಾಮಾನೆಲ್ಲ ಮೈಸೂರಿಗೆ ಹಾಕೋಕೆ ಮುಂಚೆ ಒಂದು ಮಾತು,” ಎಂದೆ.

“ಮೈಸೂರಿಗೆ ಯಾಕೆ ಹಾಕೋದು? ಮಾತುಂಗಕ್ಕೆ ಹೋಗತ್ತೆ,” ಎಂದಳು ಅಮ್ಮ. “ವಾಸುದೇವನ ಚಿಕ್ಕಪ್ಪ ಒಂದು ರೂಮು ನೋಡಿಕೊಟ್ಟಿದ್ದಾರೆ, ಅವರ ಹೋಟ್ಲು ಹಿಂದಿನ ಬಿಲ್ಡಿಂಗಲ್ಲಿ. ಇಬ್ಬರಿಗೆ ಸಾಕು. ಮೈಸೂರಿನ ಬಾಡಿಗೆಯವರಿಗೂ ಇನ್ನೂ ಇರಿ ಅಂತ ನಿಮ್ಮಣ್ಣನ ಕೈಲಿ ಹೇಳಿಸಿದ್ದಾಗಿದೆ.”

“ಯಾವಾಗ?”

“ದಸರೆ ದಿನ. ನಿಮ್ಮ ಪುಸ್ತಕ ತೆಗೆದುಕೊಟ್ಟೆನಲ್ಲ, ಅವತ್ತು ಸಾಯಂಕಾಲ ಅವರ ಮನೆಗೆ ಬನ್ನಿ ಕೊಡೋಕೆ ಹೋದಾಗ ಮಾತಾಡಿ ಬಂದೆ.”

ಪರೀಕ್ಷೆಗೂ ಮೊದಲು. “ನಾನು ಫೇಲಾಗಿದ್ದಿದ್ರೆ?” ಎಂದೆ.

ಅಮ್ಮ ಕಂಬಳಿಯ ಗಂಟನ್ನು ಹಲ್ಲಿನಿಂದ ಬಿಗಿದಳು. “ಮೂರು ದಿನ ಕೂತು ಹೇಳಿದ್ದೀಯ. ನನಗೇ ಅರ್ಥ ಆಯ್ತು ಕಣೇ. ನಿನಗೆ ಬರೆಯೋಕೆ ಬರಲ್ವಾ?”

ನಾನು ಅಳಲು ಶುರುಮಾಡಿದೆ. ಅವಳು ಅತ್ತ ಗಮನ ಕೊಡದೆ, ಹಗ್ಗದ ಇನ್ನೊಂದು ತುದಿ ಹಿಡಿ ಎಂದಳು, ಹಿಡಿದೆ. ಅಮ್ಮ ಕೊನೆಯವರೆಗೂ ಮಾತುಂಗದಲ್ಲೇ ಇದ್ದಳು, ಇಲ್ಲಿಯ ನೀರನ್ನು ಬೈಯುತ್ತಲೇ ಇದ್ದಳು. ಮೈಸೂರಿಗೆ ಹೋಗಬೇಕೆಂಬ ಮಾತನ್ನು ಮಾತ್ರ ಮತ್ತೆ ಎಂದೂ ಎತ್ತಲಿಲ್ಲ. ಹೋಗಬೇಕೆನ್ನಿಸುತ್ತದೆಯೇ ಎಂದು ನಾನೂ ಕೇಳಲಿಲ್ಲ. ಎಂಥೆಂಥ ಕಂಪನಿಗಳ ಮಾಲೀಕರನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿದವಳು ನಾನು. ಅದೊಂದು ಪ್ರಶ್ನೆ ಕೇಳುವ ಧೈರ್ಯ ನನಗೆ ಬರಲೇ ಇಲ್ಲ.